ಬಡೀಮಾ ತಿಂದ ಶೇಂಗಾ

“ಯಾವ ದೇಶದವರ್ರಿ ನೀವು?” ಸುರಪುರದಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯ ಯಜಮಾನರು ಕೇಳಿದ ಮೊದಲ ಮಾತಿದು. ಕನ್ನಡದವರೆಲ್ಲ ಒಂದೇ ರಾಜ್ಯವಾಗಿ ಆರು ತಿಂಗಳೂ ಆಗಿರಲಿಲ್ಲ. ಮನೆಯಲ್ಲಿ ಕೊಂಕಣಿ ಆಡಿ ಬೆಳೆದ ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಮಂಗಳೂರಿನಿಂದ ಬಂದಿದ್ದೇವೆ ಎಂದೆ. ಅವರು ನನ್ನ ಗಂಡನ ಕಡೆ ತಿರುಗಿ, ಇವರು ಏನಂತಾರೆ ಎಂದು ವಿಚಾರಿಸಿದರು.

ಗಂಡನಿಗೆ ತಾಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಅವರಿಗೆ ಮಾತಾಡಲು ಕಚೇರಿಯಾದರೂ ಇತ್ತು. ನನಗೆ ನಾಲ್ಕು ಕಲ್ಲಿನ ಗೋಡೆ. ಅಲ್ಲಿ ನಮಗೆ ಹಿತ್ತಲಲ್ಲೇ ಬಾವಿ, ಇಲ್ಲಿ ಎರಡು ಓಣಿ ದಾಟಿ ನೀರು ಹೊರಬೇಕು. ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ನಾನು ತಟ್ಟಿದ ರೊಟ್ಟಿ ಹಂಚು ಸೇರುವ ಮೊದಲೇ ಹರಿಯುತ್ತಿತ್ತು. ಎಷ್ಟೋ ಮಧ್ಯಾಹ್ನ ಹಿಟ್ಟಿನ ಕೈಯಲ್ಲೇ ಕೂತು ಅತ್ತಿದ್ದೇನೆ.

ರೊಟ್ಟಿ ಕಲಿಸಿದವಳು ಪಕ್ಕದ ಮನೆಯ ಮುದುಕಿ. ಓಣಿಯೆಲ್ಲ ಅವಳನ್ನು ಬಡೀಮಾ ಎನ್ನುತ್ತದೆ, ಅಂದರೆ ದೊಡ್ಡಮ್ಮ. ಓಣಿಯ ಸೂಲಗಿತ್ತಿಯೂ ಅವಳೇ. ಬಸುರಿಯಾದ ನಾನು, ಅಮ್ಮನಿಗೆ ಕಾಯಿಲೆ ಎಂದು ತವರಿಗೂ ಹೋಗಲಾಗದೆ, ಆ ಮುದುಕಿಯನ್ನೇ ನಂಬಿ ಕೂತಿದ್ದೆ.

ಒಂಬತ್ತು ತುಂಬುವಾಗ ಕ್ರಿಸ್‌ಮಸ್ ಬಂತು. ನೆರೆಮನೆಗೆ ಕುಸ್ವಾರ್, ಅದೇ ಹಬ್ಬದ ತಿಂಡಿಯ ತಟ್ಟೆ, ಕಳಿಸದೆ ನಮಗೆ ಹಬ್ಬವೇ ಇಲ್ಲವಲ್ಲ. ಗೇರುಬೀಜ ಸಿಗಲಿಲ್ಲ, ಶೇಂಗಾ ಹುರಿದೆ. ಸಕ್ಕರೆ ಪಾಕದಲ್ಲಿ ಹಾಕಿ, ಪಾಕ ಮರಳಾಗಿ ಕಾಳಿಗೆ ಅಂಟುವವರೆಗೆ ಕೈ ಬಿಡದೆ ಕೆದಕಿದೆ. ಒಲೆಯಿಂದ ಇಳಿಸಿದ ಮೇಲೆ, ಅಪ್ಪ ಮಾಡುತ್ತಿದ್ದಂತೆ, ಎರಡು ಚಮಚ ಬ್ರಾಂದಿ. ಬಾಣಂತನಕ್ಕೆಂದು ಅಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ಬಾಟಲಿ ಅದು. ನಮ್ಮಲ್ಲಿ ಬ್ರಾಂದಿ ಬಾಣಂತಿಯ ಔಷಧಿ. ಅದು ಮದ್ಯವೆಂಬುದೇ ನನಗೆ ಹೊಳೆಯಲಿಲ್ಲ. ಮೊದಲ ತಟ್ಟೆ ಬಡೀಮಾಳ ಮನೆಗೇ ಹೋಯಿತು.

ಮಾರನೆಯ ದಿನ ಅವಳು ಬಾಯಿತುಂಬ ಹೊಗಳಿದಳು. ಇದ್ದ ನಾಲ್ಕು ಹಲ್ಲಿನಲ್ಲೇ ಅರ್ಧ ತಿಂದಿದ್ದಳಂತೆ. ಉಳಿದರ್ಧವನ್ನು ಜುಮ್ಮಾ ದಿನ ಮಸೀದಿಯ ಮುಂದೆ ಮಕ್ಕಳಿಗೆ ಹಂಚುತ್ತಾಳಂತೆ. ಆ ಘಮ ಯಾವುದೆಂದು ಕೇಳಿದಾಗಲೇ ಬ್ರಾಂದಿಯೂ ಮದ್ಯವೇ ಎಂದು ನನಗೆ ಹೊಳೆದದ್ದು. ಏಲಕ್ಕಿ ಎಂದುಬಿಡಬಹುದಿತ್ತು. ಆದರೆ ಮಸೀದಿಯ ಮುಂದೆ, ಮಕ್ಕಳ ಬಾಯಿಗೆ! ಹೇಳಿದೆ.

ಅವಳು ಬೈಯಲಿಲ್ಲ. ಬಚ್ಚಲಿಗೆ ಹೋಗಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದಳು, ಆಮೇಲೆ ಕದ ಹಾಕಿಕೊಂಡಳು. ಮೂರು ವಾರ ಆ ಕದ ನನಗೆ ತೆರೆಯಲಿಲ್ಲ. ಹೆರಿಗೆಗೆ ಯಾರು ಬರುತ್ತಾರೆ? ಇಲ್ಲೇ, ಒಬ್ಬಳೇ ಸತ್ತುಹೋಗುತ್ತೇನೆ ಎಂದೇ ನಂಬಿದ್ದೆ.

ನೋವು ಬಂದದ್ದು ಮಟಮಟ ಮಧ್ಯಾಹ್ನ. ಗಂಡ ಕಚೇರಿ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದರು. ಗೋಡೆ ಹಿಡಿದು ಕೂಗಿದೆ, ನಾಚಿಕೆ ಬಿಟ್ಟು ಕೂಗಿದೆ. ಬಡೀಮಾ ಬಂದಳು.

“ಸಿಟ್ಟು ನಿನ್ನ ಮ್ಯಾಲ ಐತಿ,” ಎಂದಳು. “ಕೂಸು ನನಗೇನ ಮಾಡೈತಿ? ಕಾಲು ಗಟ್ಟಿ ಊರು.”

ಮಗಳು ಹುಟ್ಟಿದಳು. ನಲವತ್ತು ದಿನವೂ ಬಡೀಮಾ ಬಂದು ಎಣ್ಣೆ ತಿಕ್ಕಿ ಕೂಸಿಗೆ ಎರೆದಳು. ಆದರೆ ಕುಡಿಯುವ ನೀರನ್ನು ತನ್ನ ಮನೆಯಿಂದ ತಂಬಿಗೆಯಲ್ಲಿ ತರುತ್ತಿದ್ದಳು. ಆಮೇಲೆಯೂ ನಮ್ಮ ಮನೆಯ ಒಂದು ಅಗುಳನ್ನೂ ಮುಟ್ಟಿಲ್ಲ. ಮಗಳೋ ಅವಳ ತೊಡೆ ಬಿಟ್ಟು ಇಳಿಯುವುದಿಲ್ಲ.

ಮೊನ್ನೆ ಊರಿಗೆ ವರ್ಗವಾದ ಕಾಗದ ಬಂತು. ಬಡೀಮಾಳಿಗೆ ಹೇಳಲು ಹೋದವಳು, ಈಗಲಾದರೂ ಮಾಫ್ ಮಾಡಿದ್ದೀಯಾ ಎಂದು ಕೇಳಿಯೇಬಿಟ್ಟೆ. ಅವಳು ಬಹಳ ಹೊತ್ತು ಕೂಸಿನ ತಲೆ ಸವರಿದಳು.

“ಸುಳ್ಳು ಯಾಕ ಹೇಳ್ಲಿ ಬೇಟಿ. ಇನ್ನಾ ಆಗಿಲ್ಲ. ದಿನಾ ನಿನ್ನ ಮಾರಿ ನೋಡಿ ನೋಡಿ ಕಮ್ಮಿ ಆಗಾಕತ್ತಿತ್ತು. ಈಗ ಹೊಂಟಿ.”

ನಾಡಿದ್ದು ಯಾದಗಿರಿಯಲ್ಲಿ ರೈಲು ಹತ್ತಬೇಕು. ಬಂದ ದಿನದಿಂದ ಆ ರೈಲಿಗಾಗಿ ಹರಕೆ ಹೊತ್ತವಳು ನಾನು. ಅದು ತಪ್ಪಿಹೋಗಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ.