ಲ್ಯಾಂಪಿಗೆ ಖಣದ ಕುಲಾವಿ

ನಮ್ಮ ಮನೆಯವರಿಗೆ ಕುಡಿಯುವ ಚಟವಿರಲಿಲ್ಲ, ಇಸ್ಪೀಟಿನ ಚಟವೂ ಇರಲಿಲ್ಲ. ಇಂಥ ಅಳಿಯ ಸಿಕ್ಕನೆಂದು ನಮ್ಮಪ್ಪ ಊರ ತುಂಬ ಹೇಳಿಕೊಂಡು ತಿರುಗಿದ್ದ. ಮೂರನೆಯ ಚಟವೊಂದು ಇರಬಹುದೆಂದು ಪಾಪ ಅವನಿಗೆ ಹೊಳೆದಿರಲಿಲ್ಲ. ಸಿಂಧನೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಇವರು ತಿಂಗಳಿಗೊಮ್ಮೆ ಫೈಲು ಹಿಡಿದುಕೊಂಡು ಲಿಂಗಸುಗೂರಿಗೆ ಹೋಗುತ್ತಿದ್ದರು. ಬರುವಾಗ ಫೈಲಿನ ಜತೆ ಕಂಕುಳಲ್ಲೊಂದು ಮುರುಕು ಲ್ಯಾಂಪು ಇರುತ್ತಿತ್ತು. ಅದಕ್ಕೆ ಬಲ್ಬು, ವಾಯರು ಕೂಡಿಸುತ್ತ ಕೂರುತ್ತಿದ್ದರು.

ಲಿಂಗಸುಗೂರಿನಲ್ಲಿ ಒಂದು ಕಾಲಕ್ಕೆ ಬಿಳಿಯರ ಪಲ್ಟನ್ ಇತ್ತಂತೆ. ಪಲ್ಟನ್ ಹೋಗಿ ಎಷ್ಟೋ ತಲೆಮಾರಾಗಿದ್ದರೂ ಅವರ ಲ್ಯಾಂಪುಗಳು ಮಾತ್ರ ಅಲ್ಲಿನ ಗುಜರಿ ಅಂಗಡಿಯಲ್ಲಿ ತೀರುತ್ತಲೇ ಇರಲಿಲ್ಲ. ಬಾಗಿದ ಕಂಬಿಯೊಂದು ಕೈಗೆ ಸಿಕ್ಕರೆ ಸಾಕು, ಅಂಗಡಿಯವನು "ಸಾಹೇಬ್ರ ಬಂಗ್ಲೇದ್ದು ರೀ, ಅಸಲಿ ಪಿತ್ತಾಳಿ" ಅನ್ನುತ್ತಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಸಲಿ ಪಿತ್ತಾಳಿಯೊಳಗಿಂದ ತಗಡು ಹೊರಗೆ ಬರುತ್ತಿತ್ತು. ಒಂದು ಲ್ಯಾಂಪಿನ ಬುಡವಂತೂ ಹೊಲಿಗೆ ಮೆಷಿನ್ನಿನ ಕಾಲು ಎಂದು ತಿಕ್ಕಿದ ಮೇಲೆಯೇ ಗೊತ್ತಾಗಿದ್ದು.

"ಬಿಳೇರು ಇದರ ಮುಂದ ಕುಂತು ಓದ್ತಿದ್ರೋ, ಹೊಲಿಗಿ ಹಾಕ್ತಿದ್ರೋ?" ಎಂದು ಕೇಳಿದೆ.

"ನಿನಗ ಹಳೇ ಸಾಮಾನಿನ ಕಿಮ್ಮತ್ತು ತಿಳಿಯಂಗಿಲ್ಲ ಬಿಡು," ಅಂದರು.

ಸಾಮಾನಿನ ಕಿಮ್ಮತ್ತು ನನಗೆ ತಿಳಿಯದಿದ್ದರೂ ಕರೆಂಟಿನ ಕಿಮ್ಮತ್ತು ತಿಳಿದಿತ್ತು. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಸಿಂಧನೂರಿಗೆ ಸಂಜೆಯ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಬಲ್ಬಿನೊಳಗಿನ ತಂತಿ ಕೆಂಪಗಾಗುವಷ್ಟೇ ಬರುತ್ತಿತ್ತು. ಬಲ್ಬು ಹತ್ತಿದೆಯೋ ಇಲ್ಲವೋ ನೋಡಲು ಕಂದೀಲು ಹಿಡಿಯಬೇಕಾಗಿತ್ತು. ಇಂಥ ಊರಿನಲ್ಲಿ ಬೆಳಕು ಕಣ್ಣಿಗೆ ಚುಚ್ಚದ ಹಾಗೆ ಲ್ಯಾಂಪಿಗೆ ಮರೆ ಬೇಕೆಂದು ಚಿಂತೆ ಮಾಡುತ್ತಿದ್ದವರು ಇವರೊಬ್ಬರೇ.

ಆ ಚಿಂತೆಯನ್ನು ಬಗೆಹರಿಸಿದವಳು ನಮ್ಮಕ್ಕ.

ಅಕ್ಕನನ್ನು ತುರ್ವಿಹಾಳಕ್ಕೆ ಕೊಟ್ಟಿತ್ತು. ಭಾವ ಕಾಮಣಿ ರೋಗದಿಂದ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು ನಮ್ಮ ಎರಡು ಖೋಲಿಯ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡನ ಮನೆಯವರಿಗೆ ಅವಳ ನೆನಪು ಭತ್ತದ ನಾಟಿಯ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಕೂಲಿಯವರಿಗೆ ರೊಟ್ಟಿ ಬಡಿಯಲು ಸಂಬಳ ಕೇಳದ ಕೈ ಬೇಕಲ್ಲ. ಆ ವರ್ಷ ಮೈದುನ ಖಡಕ್ಕಾಗಿ ಹೇಳಿ ಕಳಿಸಿದ್ದ, ಶ್ರಾವಣ ಮುಗಿಯುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು. ಅಕ್ಕನಿಗೆ ಆ ಮನೆಗೆ ಹೋಗುವ ಮನಸ್ಸಿರಲಿಲ್ಲ. ನಾನೂ "ಇಲ್ಲೇ ಇರಬೇ, ಯಾರ್ ಬ್ಯಾಡಂದಾರ" ಅನ್ನುತ್ತಿದ್ದೆ. ಹೋದರೆ ಸಾಕು ಅನಿಸುವ ನೆಂಟರಿಗೆ ಯಾವ ದನಿಯಲ್ಲಿ ಇರು ಅನ್ನುತ್ತೇವೋ ಅದೇ ದನಿಯಲ್ಲಿ.

ಅಕ್ಕ ಒಂದು ದಿನ ಮುರಿದ ಕೊಡೆಗಳನ್ನು ಕೂಡಿಹಾಕಿ ಕಡ್ಡಿ ಬಿಚ್ಚಿದಳು. ಮೇಲೊಂದು ಸಣ್ಣದು, ಕೆಳಗೊಂದು ದೊಡ್ಡದು ತಂತಿಯ ಬಳೆ ಮಾಡಿ, ನಡುವೆ ಕಡ್ಡಿ ಕಟ್ಟಿ, ಹರಿದ ಕೌದಿಯ ಗಟ್ಟಿ ತುಂಡೊಂದನ್ನು ಹೊಂದಿಸಿ ಹೊಲಿದಳು. ಲ್ಯಾಂಪ್‌ಶೇಡ್ ಎಂಬ ಮಾತು ಇವರಿಗಷ್ಟೇ ಗೊತ್ತಿತ್ತು. ಅಕ್ಕ ಅದನ್ನು ಕುಲಾವಿ ಅಂದಳು, ಕೂಸಿನ ತಲೆಗೆ ಹಾಕುತ್ತಾರಲ್ಲ, ಹಾಗೆ. ಹೊಲಿಗೆ ಮೆಷಿನ್ನಿನ ಕಾಲಿನ ಮೇಲೆ ಕುಲಾವಿ ಕೂತಾಗ ನಾನು ಇಷ್ಟು ದಿನ ಆಡಿಕೊಂಡ ಲ್ಯಾಂಪು ಇದೇ ಏನು ಅನಿಸಿತು. ಮಸ್ಕಿಯ ಫೋಟೋ ಸ್ಟುಡಿಯೋದವನೊಬ್ಬ ಕಂಡು ಎತ್ತಿಕೊಂಡೇ ಹೋದ. ಅಲ್ಲಿಂದ ಮುಂದೆ ಮಸ್ಕಿಯ ಹೊಸ ಜೋಡಿಗಳೆಲ್ಲ ಅಕ್ಕನ ಲ್ಯಾಂಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲ ಫೋಟೋದಲ್ಲಿಯೂ ಲ್ಯಾಂಪಿನ ವಾಯರು ಎಲ್ಲಿಗೂ ಸೇರದೆ ನೆಲದ ಮೇಲೆ ಬಿದ್ದಿರುತ್ತಿತ್ತು.

ಅಂಥ ಫೋಟೋ ನೋಡಿ ಲ್ಯಾಂಪು ಕೇಳಿಕೊಂಡು ಬಂದವಳು, ಅರಿಶಿನ ಕುಂಕುಮಕ್ಕೆ ನಮ್ಮಲ್ಲಿ ಬಂದು ಹೋಗುತ್ತಿದ್ದ ಅಕ್ಕಿ ಗಿರಣಿಯ ಸಾವ್ಕಾರ್ತಿ. ಕಾಲುವೆ ನೀರು ಬಂದ ಮೇಲೆ ಎದ್ದ ಮನೆತನ. ಹೊಸ ಮನೆ ಕಟ್ಟಿಸುತ್ತಿದ್ದರು. ಹಾಲ್‌ನಲ್ಲಿಡಲು ಆರು ಲ್ಯಾಂಪು ಬೇಕೆಂದಳು. ಬಟ್ಟೆ ತೆಳ್ಳಗಿರಬೇಕು, ಬೆಳಕು ಸೋಸಿ ಬರಬೇಕು, ಬಣ್ಣ ಆರೂ ಬೇರೆ ಬೇರೆ. ಹೋಗುವಾಗ ಇನ್ನೊಂದು ಮಾತು ಹೇಳಿದಳು:

"ಗಿರಣಿ ಮುಂದಿನ ಖೋಲಿ ಖಾಲಿ ಬಿದ್ದೈತಿ. ಇವು ಛಲೋ ಆದ್ವಂದ್ರ ನಿಮ್ಮಕ್ಕ ಅಲ್ಲೇ ಕುಂತು ಮಾಡ್ಲಿ, ಅಲ್ಲೇ ಇರ್ಲಿ. ನಮ್ಮ ಬೀಗರಿಗೆಲ್ಲ ನಾ ಹೇಳ್ತೀನಿ."

ಅಕ್ಕ ಅಂದು ಊಟಕ್ಕೆ ಕೂತವಳು ಅನ್ನ ಕಲಸುವುದನ್ನು ಬಿಟ್ಟು "ಖೋಲಿಗೆ ಕಿಟಕಿ ಐತೇನ?" ಎಂದು ಕೇಳಿದಳು. ಎರಡು ವರ್ಷದಲ್ಲಿ ಅವಳು ಏನಾದರೂ ಬೇಕೆನ್ನುವ ಹಾಗೆ ಕೇಳಿದ್ದು ಅದೇ ಮೊದಲು.

ಆರು ಬಣ್ಣದ ತೆಳು ಬಟ್ಟೆ ಎಲ್ಲಿಂದ ತರುವುದು? ನನ್ನ ಟ್ರಂಕಿನ ತುಂಬ ಇತ್ತು. ನಮ್ಮ ಕಡೆ ಮುತ್ತೈದೆ ಯಾರ ಮನೆಗೆ ಹೋದರೂ ಉಡಿ ತುಂಬಿ ಕಳಿಸುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ಕುಪ್ಪಸದ ಖಣ. ಉತ್ತತ್ತಿಯನ್ನು ಮಕ್ಕಳು ತಿನ್ನುತ್ತಾರೆ. ಖಣ ಮಾತ್ರ ಯಾರೂ ಹೊಲಿಸುವುದಿಲ್ಲ, ಯಾಕೆಂದರೆ ಕೆಳಗೆ ಬೆರಳಿಟ್ಟರೆ ಬೆರಳಿನ ಉಗುರು ಕಾಣುವಷ್ಟು ತೆಳು. ಹೊಲಿಸಿ ತೊಟ್ಟರೆ ಮಾನ ಹೋಗುತ್ತದೆ, ಎಸೆದರೆ ಶಾಸ್ತ್ರ ತಪ್ಪುತ್ತದೆ. ಹೀಗಾಗಿ ಮಡಿಕೆ ಬಿಚ್ಚದೆ ಮುಂದಿನವಳ ಉಡಿಗೆ ಹಾಕುವುದು. ನಾನು ಮಸ್ಕಿಯಲ್ಲಿ ಕೊಟ್ಟ ಖಣವೊಂದು ಬಳಗಾನೂರು, ಮುಕ್ಕುಂದ ಎಲ್ಲ ಸುತ್ತಿಕೊಂಡು ವರ್ಷ ತುಂಬುವುದರೊಳಗೆ ನನ್ನ ಉಡಿಗೇ ಬಂದು ಬಿದ್ದಿತ್ತು. ಆ ಖಣದಷ್ಟು ಊರು ನಾನೂ ತಿರುಗಿರಲಿಲ್ಲ.

ಇದರಲ್ಲಿರುವ ಅಪಾಯ ಒಂದೇ, ಕೊಟ್ಟವಳಿಗೇ ತಿರುಗಿ ಕೊಟ್ಟುಬಿಡುವುದು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ, ಎಸ್ಸೆಸ್ಸೆಲ್ಸಿ ಪಾಸಾದವಳಲ್ಲವೇ! ಪ್ರತಿ ಖಣದ ಅಂಚಿನಲ್ಲಿ, ಒಳಮಗ್ಗುಲಿಗೆ, ಬಾಲ್‌ಪೆನ್ನಿನಿಂದ ಕೊಟ್ಟವರ ಗುರುತು ಬರೆಯುತ್ತಿದ್ದೆ. ಕೊಡುವಾಗ ಅಷ್ಟುದ್ದ ಅಂಚು ಕತ್ತರಿಸಿಬಿಟ್ಟರಾಯಿತು. ಗುರುತಷ್ಟೇ ಬರೆದಿದ್ದರೆ ಸಾಕಿತ್ತು. ನಾನು ಅಭಿಪ್ರಾಯವನ್ನೂ ಬರೆದೆ.

ಅಕ್ಕನಿಗೆ ಟ್ರಂಕಿನ ಕೀಲಿ ಕೊಡುವಾಗ ಇದು ನನ್ನ ತಲೆಯಲ್ಲೇ ಇರಲಿಲ್ಲ. ಅಕ್ಕನೋ, ಗೇಣು ಬಟ್ಟೆಯನ್ನೂ ಹಾಳು ಮಾಡುವವಳಲ್ಲ. ಅಂಚು ಕತ್ತರಿಸದೆ ಒಳಗೆ ಮಡಿಸಿ ಹೊಲಿದಳು. ಬರೆದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಬಟ್ಟೆ ಗಿರಣಿಯವರ ಶಿಕ್ಕಾ ಇರಬೇಕು ಅಂದುಕೊಂಡಳಂತೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಶಾಲೆಗೆ ಹೋಗುವ ವಯಸ್ಸಿಗೆ ನಾನು ಹುಟ್ಟಿದೆ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಎತ್ತಿಕೊಂಡು ತಿರುಗಲು ಯಾರಾದರೂ ಬೇಕಿತ್ತಲ್ಲ.

ಆರು ಕುಲಾವಿ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನವಾಗಿತ್ತು. ಲ್ಯಾಂಪು ಹಚ್ಚಿ ನೋಡುವ ಮಾತೇ ಇರಲಿಲ್ಲ. ಶ್ರಾವಣದ ಶುಕ್ರವಾರ ಬಂತು. ಐದು ಮಂದಿ ಮುತ್ತೈದೆಯರನ್ನು ಅರಿಶಿನ ಕುಂಕುಮಕ್ಕೆ ಕರೆದೆ. ಸಾವ್ಕಾರ್ತಿಯೂ ಅವರಲ್ಲಿ ಒಬ್ಬಳು, ಬಂದಾಗಲೇ ಲ್ಯಾಂಪು ನೋಡಿಕೊಂಡು ಹೋಗಲಿ ಎಂದು. ಮುಂದಿನ ಖೋಲಿಯಲ್ಲಿ ಆರನ್ನೂ ಸಾಲಾಗಿ ಇಟ್ಟು, ಇವರು ಎಲ್ಲಕ್ಕೂ ಒಂದೇ ಬೋರ್ಡಿನಿಂದ ವಾಯರು ಎಳೆದು ಹೊರಗೆ ಹೋದರು. ಅಕ್ಕ ಅಡುಗೆ ಮನೆಯಲ್ಲಿದ್ದಳು. ಕುಂಕುಮದ ಬಟ್ಟಲಿರುವ ಕಡೆ ನೀನು ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕಷ್ಟವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಕಂದೀಲಿನ ಬೆಳಕಿನಲ್ಲಿ ಲ್ಯಾಂಪುಗಳನ್ನು ನೋಡಿ ಎಲ್ಲರೂ ಹೊಗಳಿದರು. ಇಂಥದೇ ಖಣ ನಾನೂ ಯಾರಿಗೋ ಕೊಟ್ಟಿದ್ದೆ ಎಂದು ಒಬ್ಬೊಬ್ಬರಿಗೂ ಅನಿಸಿರಬೇಕು. ಬಾಯಿ ಬಿಡಲಿಲ್ಲ, ಬಿಟ್ಟರೆ ಅದು ತಮಗೆಲ್ಲಿಂದ ಬಂದಿತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಹೊಸ ಟ್ರಾನ್ಸ್‌ಫಾರ್ಮರಿನ ಮೊದಲ ಕರೆಂಟು. ಅಂಥ ಬೆಳಕನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಆರು ಲ್ಯಾಂಪೂ ಒಟ್ಟಿಗೆ ಹತ್ತಿದವು, ಆರರ ಅಂಚಿನಲ್ಲಿಯೂ ನನ್ನ ಮುತ್ತಿನಂಥ ಅಕ್ಷರಗಳು ಎದ್ದು ನಿಂತವು. ಕೆಲವು ನೆಟ್ಟಗಿದ್ದವು, ಕೆಲವು ತಲೆಕೆಳಗಾಗಿದ್ದವು. ಹೆಂಗಸರು ಕತ್ತು ಓರೆ ಮಾಡಿ ಓದತೊಡಗಿದರು.

"ಬಂಗಾರದಂಗಡಿ, ಇಲಿ ಕಡಿದದ್ದು," ಎಂದು ಮಾಸ್ತರರ ಹೆಂಡತಿ ದೊಡ್ಡದಾಗಿ ಓದಿ ನಕ್ಕಳು. ಬಂಗಾರದಂಗಡಿಯಾಕೆ ಪಕ್ಕದ್ದನ್ನು ಓದಿದಳು: "ಮಾಸ್ತರ್ ಹೆಂಡ್ತಿ, ಒಗೆದು ಕೊಟ್ಟದ್ದು." ಮೊದಲನೆಯ ನಗು ನಿಂತಿತು. "ಕಂಪೌಂಡರ್ ಮನಿ, ನಮ್ಮದೇ ನಮಗ." "ಮೂಲಿಮನಿಯಾಕಿ, ಗಂಜಿ ಬಿಟ್ರ ಬರೇ ಜಾಳಗಿ." ತನ್ನದು ಸಿಗುವವರೆಗೆ ಎಲ್ಲರೂ ನಕ್ಕರು. ಸಾವ್ಕಾರ್ತಿ ನಗಲೇ ಇಲ್ಲ. ಅವಳ ಮುಂದೆಯೇ ಇದ್ದ ಹಳದಿ ಲ್ಯಾಂಪಿನಲ್ಲಿ "ಗಿರಣಿಯಾಕಿ, ಜುಗ್ಗಿ" ಎಂದು ಉರಿಯುತ್ತಿತ್ತು.

ನಾನು ಬೋರ್ಡಿನ ಕಡೆ ಓಡಿ ಸ್ವಿಚ್ಚು ಆರಿಸಿದೆ. ಆರನೆಯದನ್ನು, ಕಪಾಟಿನ ಹತ್ತಿರದ ಹಸಿರು ಲ್ಯಾಂಪನ್ನು, ಅಷ್ಟರಲ್ಲಿ ಯಾರೂ ಓದಿರಲಿಲ್ಲ.

"ಯಾರ್ ಬರ್ದದ್ದು ಇದನ್ನ?" ಸಾವ್ಕಾರ್ತಿ ಕೇಳಿದಳು.

ನಾನೇ ಎಂದು ಹೇಳಿದ್ದರೆ ಏನಾಗುತ್ತಿತ್ತು? ಐದು ಮನೆಯವರು ನನ್ನ ಜತೆ ಮಾತು ಬಿಡುತ್ತಿದ್ದರು, ದೀಪಾವಳಿಗೆ ಮತ್ತೆ ಆಡುತ್ತಿದ್ದರು. ಅಷ್ಟೇ. ಅಷ್ಟನ್ನೂ ತಡೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

"ನಮ್ಮಕ್ಕ ರೀ," ಅಂದೆ. "ಗಂಡ ಹೋದಾಗಿಂದ ಆಕಿ ತಲಿ ನೆಟ್ಟಗಿಲ್ರಿ. ಏನರ ಗೀಚತಿರ್ತಾಳ."

ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ಸಜ್ಜಕದ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಎರಡು ವರ್ಷ ನಮ್ಮ ಮನೆಗೆ ಬಂದು ಹೋದ ಆ ಐದು ಮಂದಿಗೆ ಅವಳಿಗೆ ಓದು ಬರಹ ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಅವಳ ಜತೆ ಅಷ್ಟು ಮಾತಾಡಿದವರಾದರೂ ಯಾರು?

"ಇಂಥಾಕಿ ಕೈ ನಮ್ಮ ಹೊಸ ಮನಿಗೆ ಬ್ಯಾಡವ್ವ," ಎಂದು ಸಾವ್ಕಾರ್ತಿ ಎದ್ದಳು. ಸಿಟ್ಟು ಎಷ್ಟೇ ಇದ್ದರೂ ಉಡಿ ತುಂಬಿಸಿಕೊಳ್ಳದೆ ಎದ್ದು ಹೋಗುವುದು ಶಾಸ್ತ್ರವಲ್ಲ. ಐವರೂ ಸೆರಗು ಒಡ್ಡಿದರು. ಐವರಿಗೂ ಖಣ ಹಾಕಿದೆ.

ಮರುದಿನ ಬೆಳಗ್ಗೆ ಅಕ್ಕ ಕುಲಾವಿಗಳನ್ನು ಬಿಚ್ಚಿ, ಕಡ್ಡಿ ಬೇರೆ ಖಣ ಬೇರೆ ಮಾಡಿ ಇಟ್ಟಿದ್ದಳು. ಪಕ್ಕದಲ್ಲಿ ಅವಳ ಕೈಚೀಲ ತುಂಬಿ ನಿಂತಿತ್ತು. ಮೈದುನ ಬರುವವರೆಗೂ ಕಾಯುವುದಿಲ್ಲ, ಹತ್ತು ಗಂಟೆಯ ಬಸ್ಸಿಗೆ ಹೋಗುತ್ತೇನೆ ಅಂದಳು. ನನಗೆ ತಡೆಯಲು ಮುಖವಿರಲಿಲ್ಲ.

"ಬಾ ಇಲ್ಲಿ," ಎಂದು ಕರೆದು ಖಣಗಳನ್ನು ನನ್ನ ಮುಂದೆ ತಳ್ಳಿದಳು. "ನಾ ಏನೇನ್ ಬರ್ದೀನಿ, ಓದಿ ಹೇಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಒಂದೊಂದನ್ನೇ ಓದಿದೆ. ಇಲಿ ಕಡಿದದ್ದಕ್ಕೆ ಜೋರಾಗಿ ನಕ್ಕಳು. ಗಿರಣಿಯಾಕೆಯದು ಬಂದಾಗ "ಖರೇನ ಬರ್ದೀನಲ್ಲ ನಾ," ಅಂದಳು. ಆ ಮಾತಿಗೆ ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಆಮೇಲೆ ಹಸಿರು ಖಣವನ್ನು ತೊಡೆಯ ಮೇಲೆ ಹರಡಿದಳು. "ಇದು ನಾ ಕೊಟ್ಟದ್ದು. ನಿನ್ನ ಕುಬಸಕ್ಕ ತಂದಿದ್ದೆ, ನಾಟಿ ಹಚ್ಚಿದ ಕೂಲಿ ರೊಕ್ಕದಾಗ. ಟ್ರಂಕಿನಾಗ ಕಂಡ ಕೂಡ್ಲೇ ಗುರ್ತು ಹಿಡಿದೆ. ಯಾರಿಗೂ ಕೊಡದ ಇಟ್ಕೊಂಡೀದಿ ಅಂತ ಖುಷಿ ಆತು. ಇದರ ಮ್ಯಾಲೆ ಏನೈತಿ?"

ಅದರ ಮೇಲೆ "ಅಕ್ಕಂದು. ಹಲ್ಕಾ ಮಾಲು. ಯಾರಿಗರ ದಾಟಿಸಬೇಕು" ಎಂದಿತ್ತು.

"ಅಕ್ಕಂದು ಅಂತ ಐತಿ," ಅಂದೆ.

ಅವಳು ಅಕ್ಷರಗಳ ಮೇಲೆ ಬೆರಳು ಆಡಿಸಿದಳು, ಈ ತುದಿಯಿಂದ ಆ ತುದಿಯವರೆಗೆ. "ಅಷ್ಟಕ್ಕ ಇಷ್ಟುದ್ದ ಬೇಕೇನ?"

"ಅಕ್ಕಂದು, ಯಾರಿಗೂ ಕೊಡಬಾರ್ದು ಅಂತ ಬರ್ದೀನಿ."

ಅಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ, ಬರೆದದ್ದು ಮೇಲೆ ಬರುವ ಹಾಗೆ ಮಡಚಿ, ಚೀಲದಲ್ಲಿಟ್ಟುಕೊಂಡಳು. "ಇದೊಂದು ನಾ ಒಯ್ತೀನಿ. ಇಷ್ಟರ ನೆನಪಿರ್ಲಿ," ಅಂದಳು. ಕೊಡು ಎಂದು ಕಸಿದುಕೊಳ್ಳುವ ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಚೀಲ ನಾನೇ ಹಿಡಿದುಕೊಂಡು ಹೋದೆ. ಆ ಖಣ ತೆಗೆಯಲು ಕೈ ಬರಲಿಲ್ಲ. ತುರ್ವಿಹಾಳದ ಆ ಮನೆಯಲ್ಲಿ ಶಾಲೆಗೆ ಹೋಗುವ, ಅಕ್ಷರ ಕೂಡಿಸಿ ಓದುವ ಮಕ್ಕಳು ಮೂವರಿದ್ದರು.