ಮೂರನೇ ಬೆರಳು

ತಪ್ಪು ನನ್ನದೇ, ಮೊದಲೇ ಹೇಳಿಬಿಡ್ತೇನಿ. ಔರಾದ ಕಡೆಯ ನಮ್ಮೂರಿನ ತಂಬಾಕು ವಿರೋಧಿ ಯುವಕರ ತಂಡಕ್ಕೆ ನಾನೇ ಲೀಡರ್. ಗುಟಕಾ ತುಂಬಿದ ಬಾಯಿಯ ಮಿಮಿಕ್ರಿಯೂ ನನ್ನದೇ. ಗದ್ದ ಮೇಲೆತ್ತಿ, ಉಗುಳು ಚೆಲ್ಲದ ಹಾಗೆ ಟಿಕೆಟ್ ಕೇಳುವ ಕಂಡಕ್ಟರ್, ಅದೇ ಗದ್ದದಲ್ಲಿ ಹೆಣ್ಣು ನೋಡಲು ಹೋದ ನಮ್ಮ ಸೋದರಮಾವ. ಸಾಲಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಇಷ್ಟು ಅಸಲಿ ಹ್ಯಾಂಗ ಬರ್ತದ ಅಂತ ಯಾರೂ ಕೇಳಲಿಲ್ಲ. ಎಡಗಲ್ಲದಲ್ಲಿ ಅಸಲಿ ಗುಟಕಾ ಮಾಲೇ ಇರುತ್ತಿತ್ತು. ತಾಲೀಮಿಗೆಂದು ಶುರು ಮಾಡಿದ್ದು. ಮೂರು ವರ್ಷವಾದರೂ ತಾಲೀಮು ಮುಗಿದಿರಲಿಲ್ಲ.

ಭಾಲ್ಕಿ ಹತ್ತಿರದ ಒಂದು ಸಾಲಿಯಲ್ಲಿ ನಮ್ಮ ಎಂದಿನ ಪರೀಕ್ಷೆ ಇತ್ತು. ಗುಟಕಾದಿಂದ ಬಾಯಿ ಬಿಗಿದಿದೆಯೋ ಎಂದು ನೋಡಲು ಮಕ್ಕಳು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ನಿಲ್ಲಿಸಬೇಕು. ನಿಲ್ಲದವರಿಗೆ ದವಾಖಾನೆಗೆ ಚೀಟಿ. ತಂಡದ ರೂತ್, ಬೀದರಿನಲ್ಲಿ ನರ್ಸಿಂಗ್ ಓದುವವಳು, "ಮೊದ್ಲ ನಮ್ಮ ಲೀಡರ್ ಸಾಹೇಬ್ರು ತೋರಸ್ತಾರ" ಅಂದಳು.

ಎರಡೇ ಹೋದವು.

ತಕ್ಷಣ ಮಾವನ ದನಿ ತೆಗೆದೆ. ಮಕ್ಕಳು ನಕ್ಕವು. ರೂತ್ ನಗಲಿಲ್ಲ. ಚೀಟಿ ಪುಸ್ತಕ ತೆಗೆದು ನನ್ನ ಹೆಸರು ಬರೆದಳು.

ಯೋಚಿಸಿದರೆ, ತಿಂಗಳುಗಳಿಂದ ಖಾರ ತಾಕಿದರೆ ಬಾಯಿ ಉರಿಯುತ್ತಿತ್ತು. ರೊಟ್ಟಿ ಚೂರು ಚೂರು ಮುರಿದು ತಿನ್ನುತ್ತಿದ್ದೆ. "ನನ್ನ ರೊಟ್ಟಿನೇ ಕಡಕ್ ಆಗ್ಲತಾವೇನೋ" ಅಂತ ಅವ್ವ ತನ್ನನ್ನೇ ಬೈದುಕೊಂಡಾಗ, ಹೂಂ ಅಂದಿದ್ದೆ.

ಬೀದರಿನ ಡಾಕ್ಟರು ಟಾರ್ಚ್ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಗಲ್ಲದ ಒಳಗ ಬೆಳ್ಳಗ ಪ್ಯಾಚ್ ಅದ. ಬಯಾಪ್ಸಿ ಮಾಡ್ಬೇಕು."

"ಕ್ಯಾನ್ಸರೇನ್ರಿ?"

"ರಿಪೋರ್ಟ್ ಬರ್ಲಿ."

ಅಂದೇ ಗಲ್ಲದೊಳಗಿಂದ ಚೂರು ಕತ್ತರಿಸಿ ಹೊಲಿಗೆ ಹಾಕಿದರು. ರಿಪೋರ್ಟಿಗೆ ಎಂಟು ದಿನ. ಆ 'ರಿಪೋರ್ಟ್ ಬರ್ಲಿ'ಯನ್ನು ಡಾಕ್ಟರ ದನಿಯಲ್ಲೇ ಮನೆಯಲ್ಲಿ ಹೇಳಿ ನಗಿಸಬೇಕೆಂದು ಬಸ್ಸಿನುದ್ದಕ್ಕೂ ಪ್ರಯತ್ನಿಸಿದೆ. ಯಾರ ದನಿಯೂ ಬರಲಿಲ್ಲ. ಕನ್ನಡಿ ಮುಂದೆ ದಿನಕ್ಕೆ ಹತ್ತು ಸಲ ಬೆರಳಿಟ್ಟು ಅಳೆದೆ. ಹೊಲಿಗೆ ಚುಚ್ಚುತ್ತಿತ್ತು. ಈ ಗಲ್ಲ ಕತ್ತರಿಸಿದರೆ ಕಂಡಕ್ಟರ್, ಮಾವ ಇಬ್ಬರೂ ಒಮ್ಮೆಗೇ ಹೋಗಿಬಿಡುತ್ತಾರೆ, ನನಗೆ ಉಳಿಯುವುದೇನು? ಅವ್ವ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ತಾಟು ಮುಂದೆ ತಳ್ಳುತ್ತಿದ್ದಳು.

ಕ್ಯಾನ್ಸರ್ ಅಲ್ಲ.

"ಇವತ್ತಿಗಿ ಅಲ್ಲ" ಅಂದರು ಡಾಕ್ಟರು. "ಬಾಯಿ ಬಿಗಿದದ, ಮೊದಲಿನಂಗ ಆಗೋದು ಕಷ್ಟ. ಎಕ್ಸರ್ಸೈಜ್ ಮಾಡು. ಮೂರು ತಿಂಗಳಿಗೊಮ್ಮೆ ತೋರಿಸು. ಇನ್ನು ಒಂದು ಗುಟಕಾ ಪುಡಿನೂ ಹರಿಬ್ಯಾಡ."

ಬಿಟ್ಟು ನಲವತ್ತು ದಿನವಾಯಿತು. ಈಗ ಎರಡೂವರೆ ಬೆರಳು. ಆ ಅರ್ಧ ಬೆರಳಿಗೇ ಕೈ ಮುಗಿಯುತ್ತೇನೆ. ಮುಂದಿನ ತಪಾಸಣೆಗೆ ಇನ್ನೆಷ್ಟು ದಿನ ಅಂತ ಮಾತ್ರ ದಿನಾ ಕ್ಯಾಲೆಂಡರಿನಲ್ಲಿ ಎಣಿಸುತ್ತೇನೆ.

ಹೋದ ವಾರ ರೂತ್‌ಗೆ ಹೇಳಿದೆ, "ಕಮಲನಗರದ ಸಾಲಿಗಿ ನೀನೇ ಹೋಗು. ನಾ ತಂಡ ಬಿಡ್ತೇನಿ. ಗುಟಕಾ ತಿಂದ ಲೀಡರ್ ಅಂತ ಮಂದಿ ನಗ್ತಾರ."

ಆಕೆ ಚೀಟಿ ಪುಸ್ತಕ ನನ್ನ ಕೈಗಿಟ್ಟಳು.

"ಇಷ್ಟ್ ದಿನ ಮಂದಿ ಬಾಯಿ ತೆರಿಸಿ ನೀ ನಗಿಸಿದಿ. ಈಗ ಅವರ ಮುಂದ ನಿಂದು ತೆರಿ. ಎಷ್ಟು ಬೆರಳು ಹೋದವಂತ ನಾ ಕೂಗಿ ಹೇಳ್ತೇನಿ, ಲೀಡರ್ ಸಾಹೇಬ್ರ."