ನಡುವಿನ ಡ್ರಮ್ಮಿನ ಥ್ಯಾಡ್

ಥ್ಯಾಡ್ ಮಲಿನೋಸ್ಕಿಗೆ ನನ್ನ ಮುಖ ಕಾಣುತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ಜೂನ್ ತಿಂಗಳ ಒಂದು ಭಾನುವಾರ, ಸೇಂಟ್ ಹೆಡ್‌ವಿಗ್ ಚರ್ಚಿನ ಹಿಂದೆ ಕಾರು ನಿಲ್ಲಿಸುವ ಅಂಗಳದಲ್ಲಿ. ನಮ್ಮ ಡ್ರಮ್ಮು ಕಹಳೆಗಳ ತಂಡದಲ್ಲಿ ಅವನು ಡ್ರಮ್ಮಿನವನು, ನಾನು ತಾಳದವಳು. ಎಷ್ಟೋ ಹಾಡುಗಳಲ್ಲಿ ನನ್ನ ಕಂಚಿನ ತಾಳಗಳನ್ನು ಅವನ ಡ್ರಮ್ಮಿನ ಮೇಲೆ ಅಡ್ಡ ಹಿಡಿದು ನಿಲ್ಲಬೇಕು, ಅವನು ಅವುಗಳ ಅಂಚಿನ ಮೇಲೆ ಬಾರಿಸಬೇಕು. ಎದುರುಬದುರು, ಒಂದು ಮೊಳದ ಅಂತರ. ಹದಿನಾರನೇ ವಯಸ್ಸಿನಿಂದ ನೋಡುತ್ತಿರುವ ಮುಖ ಅದು. ಹಲ್ಲು ಕಟ್ಟಿಸಿಕೊಂಡದ್ದೂ ಗೊತ್ತು, ಮೂಗಿನೊಳಗಿನ ಕೂದಲು ನರೆತದ್ದೂ ಗೊತ್ತು. ಆವತ್ತು ಅವನು ನನ್ನ ಕಣ್ಣು ಬಿಟ್ಟು ಕಿವಿಯನ್ನೇ ನೋಡುತ್ತಿದ್ದ.

"ಏನೋ ಅದು, ನನ್ನ ಕಿವೀಲಿ ಚಿನ್ನ ಸುರೀತಿದ್ಯಾ?" ಎಂದೆ.

"ನಿನ್ನ ಮೂತಿಗಿಂತ ಕಿವಿನೇ ವಾಸಿ ಕಣೇ ಬರ್ನಿ."

ನಕ್ಕೆ. ಅಭ್ಯಾಸದ ಬಿಡುವಿನಲ್ಲಿ ಕಾಫಿ ಲೋಟ ಅವನ ಮುಂದೆ ಹಿಡಿದೆ. ಅವನ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಆಗ ನನ್ನ ನಗು ನಿಂತಿತು. ಅವನನ್ನು ಚರ್ಚಿನ ಗೋಡೆಯ ಮರೆಗೆ ಎಳೆದುಕೊಂಡು ಹೋದೆ.

"ಯಾವಾಗಿಂದ?"

"ಯಾವುದು ಯಾವಾಗಿಂದ?"

"ನಾಟಕ ಆಡಬೇಡ, ಒದೀತೀನಿ."

ಅವನು ಬೂಟಿನ ತುದಿಯಿಂದ ನೆಲ ಕೆರೆದ. "ಮಾರ್ಚ್‌ನಿಂದ. ಎದುರಿಗೆ ಏನಿದ್ರೂ ಮಸಿ ಬಳಿದ ಹಾಗೆ. ಅಕ್ಕಪಕ್ಕ ಎಲ್ಲ ಚೆನ್ನಾಗೇ ಕಾಣುತ್ತೆ. ಐರೀನ್‌ಗೆ ಗೊತ್ತು, ಈಗ ನಿನಗೆ ಗೊತ್ತು. ಮೂರನೆಯವರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

ಐರೀನ್ ಅವನ ಹೆಂಡತಿ. ಕಥೆ ಮುಗಿಯುವುದೆಂದರೆ ಏನೆಂದು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ನಮ್ಮ ಕಹಳೆಯವನೊಬ್ಬ ಮೈದಾನದಲ್ಲಿ ಮುಗ್ಗರಿಸಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಅಂದಿನಿಂದ ನಮ್ಮ ಡ್ರಮ್ ಮೇಜರ್, ಎದುರಿಗೆ ನಿಂತು ಕೈಸನ್ನೆಯಲ್ಲಿ ತಂಡ ನಡೆಸುವ ಮಾರ್ಟಿ ಹ್ಯಾಲರನ್, ಒಂದು ನಿಯಮ ಮಾಡಿದ. ಕಾಲು, ಕಿವಿ, ಕಣ್ಣು, ಯಾವುದು ಕೈಕೊಟ್ಟರೂ ಮೈದಾನದ ಅಂಚಿನ ಕುರ್ಚಿ ಸಾಲಿಗೆ. ಕೂತು ಬಾರಿಸಬಹುದು, ನಡೆಯುವಂತಿಲ್ಲ. ಥ್ಯಾಡ್‌ನನ್ನು ಕುರ್ಚಿಯಲ್ಲಿ ಕೂರಿಸುವುದೂ ಒಂದೇ, ಶವಪೆಟ್ಟಿಗೆಯಲ್ಲಿ ಮಲಗಿಸುವುದೂ ಒಂದೇ.

ಯಾಕೆ ಅಂತೀರಾ? ನಮ್ಮ ಲ್ಯಾಂಟರ್ನ್ಸ್ ತಂಡ ಹುಟ್ಟಿದ್ದು ಕಲ್ಲಿದ್ದಲಿನ ಗಣಿಗಳು ಮುಚ್ಚುತ್ತಿದ್ದ ಕಾಲದಲ್ಲಿ. ಅಪ್ಪಂದಿರು ಕೆಲಸವಿಲ್ಲದೆ ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದರು, ಅಮ್ಮಂದಿರು ಅಂಗಿ ಕಾರ್ಖಾನೆಗೆ ಹೋಗುತ್ತಿದ್ದರು. ಬೀದಿ ಸುತ್ತುವ ಮಕ್ಕಳ ಕೈಗೆ ಪಾದ್ರಿಗಳು ಡ್ರಮ್ಮು, ಕಹಳೆ ಕೊಟ್ಟರು. ಥ್ಯಾಡ್ ಮಾತು ಬಾರದ ಹುಡುಗನಾಗಿದ್ದ. ಮಾತು ಬಾರದೆಂದರೆ ಮೂಗನೇನಲ್ಲ, ಬಾಯಿ ತೆರೆದರೆ ತೊದಲುತ್ತಿದ್ದ, ಅದಕ್ಕೇ ತೆರೆಯುತ್ತಿರಲಿಲ್ಲ. ಅಮ್ಮ ಪಿರೋಗಿ ಕಡುಬಿಗೆ ಹಿಟ್ಟು ಲಟ್ಟಿಸುವ ಮೇಜಿನ ಮೇಲೆ ಚಮಚ ಬಾರಿಸಿ ಬಾರಿಸಿ ಏಟು ತಿನ್ನುತ್ತಿದ್ದ. ಡ್ರಮ್ ಸಿಕ್ಕ ಎರಡನೇ ಬೇಸಿಗೆಗೇ ನಮ್ಮ ಮೇಷ್ಟ್ರು ಬೋಡ್ನರ್ ಅವನನ್ನು ಐದು ಡ್ರಮ್ಮುಗಳ ಸಾಲಿನ ನಡುವೆ ನಿಲ್ಲಿಸಿದರು. ನಡುವಿನವನು ಡ್ರಮ್ ಮೇಜರನ ಕೈ ನೋಡುತ್ತಾನೆ, ಉಳಿದವರೆಲ್ಲ ನಡುವಿನವನನ್ನು ಕೇಳುತ್ತಾರೆ. ತಂಡದ ನಾಡಿ ಅವನು. ಆ ಜಾಗಕ್ಕೆ ನಿಂತ ಮೇಲೆ ಅವನ ತೊದಲು ತಾನಾಗಿ ಹೋಯಿತು. ಬೇಕಾದರೆ ನಂಬಿ, ಬೇಡವಾದರೆ ಬಿಡಿ, ನಾನು ಕಣ್ಣಾರೆ ಕಂಡವಳು.

ಬೋಡ್ನರ್ ಮೇಷ್ಟ್ರ ಬಾಯಿ ಬಲು ಕೆಟ್ಟದ್ದು. "ಕತ್ತು ತಿರುಗಿಸಿದ್ರೆ ಕತ್ತು ಮುರೀತೀನಿ! ಓರೆಗಣ್ಣು ಯಾಕೆ ಕೊಟ್ಟಿದ್ದಾನೆ ದೇವರು? ಸಾಲು ನೇರ ಇದೆಯಾ ಅಂತ ಕಣ್ಣಂಚಲ್ಲೇ ನೋಡ್ಕೊಳ್ಳಿ!" ಇನ್ನೊಂದು ಮಾತು ದಿನಾ ಇರುತ್ತಿತ್ತು. "ನಡುವಿನವನು ಸರಿಯೋ ತಪ್ಪೋ ಅಂತ ಮನೆಗೆ ಹೋಗಿ ಯೋಚನೆ ಮಾಡಿ. ಮೈದಾನದಲ್ಲಿ ಅವನು ಬಾವಿಗೆ ಬಿದ್ರೆ ನೀವೂ ಬೀಳಿ."

ಎಂಬತ್ತರ ದಶಕದಲ್ಲಿ ತಂಡ ಮುಚ್ಚಿತು. ಥ್ಯಾಡ್ ಶಾಲಾ ಬಸ್ಸಿನ ಚಾಲಕನಾದ, ಮೂವತ್ತು ವರ್ಷದ ಮೇಲೆ ಓಡಿಸಿದ. ಹಿಂದಿನ ಸೀಟಿನಲ್ಲಿ ಯಾವನು ಯಾವಳ ಜಡೆ ಎಳೆದನೆಂದು ತಿರುಗದೆ ಹೇಳುತ್ತಿದ್ದ. ತಲೆ ನರೆತ ಮೇಲೆ ನಾವು ಹಳಬರೆಲ್ಲ ಮತ್ತೆ ಸೇರಿದಾಗ ಯಾರೂ ಅವನನ್ನು ಕೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ, ನೇರ ಹೋಗಿ ನಡುವೆ ನಿಂತ. ಬಲಗಡೆ ಡೆನ್ನಿ ಕುಜ್ಮಾ, ಹುಡುಗನಾಗಿದ್ದಾಗ ನಿಂತ ಜಾಗದಲ್ಲೇ. ಡೆನ್ನಿಗೆ ಆ ನಡುವಿನ ಜಾಗದ ಮೇಲೆ ಮೊದಲಿನಿಂದಲೂ ಕಣ್ಣು, ಮುಚ್ಚಿಟ್ಟವನೂ ಅಲ್ಲ. "ನೀನು ಯಾವಾಗ ಸಾಯ್ತೀಯೋ ಮಲಿನೋಸ್ಕಿ?" ಎಂದು ಕೇಳುವುದೇ ಅವನ ನಮಸ್ಕಾರ. "ನಿನ್ನ ತಿಥಿ ಊಟ ಉಂಡ ಮೇಲೆ" ಎನ್ನುವುದು ಇವನ ನಮಸ್ಕಾರ.

ಈಗ ನೋಡಿ ಫಜೀತಿ. ಹಾಡು ನಡೆಯುವಾಗ ಥ್ಯಾಡ್‌ಗೆ ಕಣ್ಣು ಬೇಕಿಲ್ಲ. ಆದರೆ ಕೊನೆಯ ಹಾಡಿನಲ್ಲಿ ಒಂದು ಜಾಗ ಇದೆ. ಕಹಳೆಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಮಾರ್ಟಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಪೂರಾ ಮೌನ. ಅವನ ಕೈ ಇಳಿದ ಕ್ಷಣ ಮೊದಲು ಡ್ರಮ್ಮುಗಳು, ಆಮೇಲೆ ಕಹಳೆಗಳು, ಆಮೇಲೆ ಇಡೀ ತಂಡ ಮೈದಾನದ ಈ ತುದಿಯಿಂದ ಆ ತುದಿಗೆ ಒಂದೇ ಸಾಲಾಗಿ ಜನರ ಕಡೆ ನಡೆದು ಬರುವುದು. ನೇರ ಎದುರಿಗಿರುವ ಆ ಕೈ ಥ್ಯಾಡ್‌ಗೆ ಕಾಣುವುದಿಲ್ಲ, ಕತ್ತು ತಿರುಗಿಸುವಂತೆಯೂ ಇಲ್ಲ.

ನಾನು ಉಪಾಯ ಹೂಡಿದೆ. ಆ ಜಾಗದಲ್ಲಿ ನಾನು ನಿಲ್ಲುವುದು ಅವನ ಎಡ ಮಗ್ಗುಲಲ್ಲೇ. ಮಾರ್ಟಿಯ ಕೈ ಅಲುಗಿದೊಡನೆ ಮೊಣಕೈಯಿಂದ ಅವನನ್ನು ಮುಟ್ಟುವುದು. ಬೇಸಿಗೆಯೆಲ್ಲ ಅವರ ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದೆವು. ಐರೀನ್ ಒಂದು ಬಕೆಟ್ ಮಗುಚಿ ಅದರ ಮೇಲೆ ನಿಂತು ಮಾರ್ಟಿಯ ಹಾಗೆ ಕೈ ಎತ್ತುತ್ತಿದ್ದಳು. ಜುಲೈ ಪೂರ್ತಿ ಯಾರಿಗೂ ಸುಳಿವು ಸಿಗಲಿಲ್ಲ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಆಗಸ್ಟ್ ಎರಡನೇ ವಾರ, ಋತು ಮುಗಿಯಲು ಇನ್ನೇನು ದಿನ ಉಳಿದಿಲ್ಲ. ಚಿಕ್ಕವರ ತಂಡಗಳ ದೊಡ್ಡ ಸ್ಪರ್ಧೆ. ಅವರೆಲ್ಲ ಬಾರಿಸಿ ಮುಗಿಸಿ, ತೀರ್ಪುಗಾರರು ಅಂಕ ಕೂಡಿಸುವ ಹೊತ್ತಿನಲ್ಲಿ ನಮ್ಮ ಪ್ರದರ್ಶನ. ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಅಲ್ಲಿ ಕೂತವರೇನು ದಾರಿಹೋಕರಲ್ಲ, ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ಡ್ರಮ್ ಹೊತ್ತವರು. ಒಂದು ಏಟು ಆಚೀಚೆಯಾದರೂ ಅವರ ಕಿವಿಗೆ ಮುಳ್ಳು ಚುಚ್ಚುತ್ತದೆ.

ಸಂಜೆಯಾದರೂ ಡಾಂಬರು ಸುಡುತ್ತಿತ್ತು. ಎಡ ತುದಿಯ ತಾಳದವಳು ಪ್ಯಾಟ್ಸಿ, ಟೋಪಿಯ ಪಟ್ಟಿ ಬಿಗಿಯುತ್ತಿದ್ದವಳು, "ಅಯ್ಯೋ ಯಾಕೋ..." ಎಂದು ಕುಸಿದು ಕೂತಳು. ಐಸ್ ಇಟ್ಟರು, ನೀರು ಕುಡಿಸಿದರು. ಆಂಬುಲೆನ್ಸಿನವರು ಏಳಗೊಡಲಿಲ್ಲ.

ಮಾರ್ಟಿ ಓಡಿ ಬಂದ. "ಬರ್ನಿ, ನೀನು ಎಡ ತುದಿಗೆ ಹೋಗು. ಆ ಕಡೆ ಕಹಳೆಯವರು ಪ್ಯಾಟ್ಸಿ ತಾಳ ಕೇಳ್ಕೊಂಡೇ ನಡೆಯೋದು."

"ನಾನು ಇಲ್ಲೇ ಇರ್ತೀನಿ ಮಾರ್ಟಿ. ಬೇರೆ ಯಾರನ್ನಾದ್ರೂ ಕಳಿಸು."

"ಬೇರೆ ಯಾರಿದ್ದಾರೆ? ನಮ್ಮಜ್ಜಿನ ಕರ್ಕೊಂಡು ಬರ್ಲಾ?"

"ಥ್ಯಾಡ್‌ಗೆ ತಾಳ ಹಿಡಿಯೋರು ಯಾರು?"

"ಡ್ರಮ್ಮಿನ ಅಂಚಿನ ಮೇಲೆ ಬಾರಿಸ್ತಾನೆ ಬಿಡು. ಅವನಿಗೇನು ಹೇಳಿಕೊಡಬೇಕಾ?" ಎಂದು ಹೊರಟೇಹೋದ.

ಗೇಟಿನ ಹತ್ತಿರ ಥ್ಯಾಡ್‌ನ ತೋಳು ಹಿಡಿದೆ. "ಮಾರ್ಟಿಗೆ ಹೇಳಿಬಿಡ್ತೀನಿ. ಈಗಲೂ ಹೊತ್ತಿದೆ."

"ಹೇಳು. ಆಮೇಲೆ ಸಾಯೋತನಕ ನಿನ್ನ ಮುಖ ನೋಡಲ್ಲ."

"ಈಗೇನು ನೋಡ್ತಿದ್ದೀಯ ಮಹಾ!"

ಅವನು ನಗಲಿಲ್ಲ. "ಎಣಿಸ್ಕೋತೀನಿ ಬರ್ನಿ. ಮಾರ್ಟಿ ಎಷ್ಟು ಹೊತ್ತು ಕೈ ಎತ್ತಿರ್ತಾನೆ ಅಂತ ನನ್ನ ರಕ್ತಕ್ಕೆ ಗೊತ್ತು."

ಹೇಳಿದರೆ ಅವನ ಬಾಳು ಹಾಳು, ಹೇಳದಿದ್ದರೆ ಇಡೀ ತಂಡದ ಮಾನ ಹರಾಜು. ನಾನು ಹಲ್ಲು ಕಚ್ಚಿಕೊಂಡು ಎಡ ತುದಿಗೆ ಹೋದೆ. ಅವನ ಮೇಲೆ, ಮಾರ್ಟಿಯ ಮೇಲೆ, ಪಾಪದ ಪ್ಯಾಟ್ಸಿಯ ಮೇಲೂ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ನಮ್ಮ ಚರ್ಚಿನ ಹೆಡ್‌ವಿಗ್ ತಾಯಿಗೂ ಎರಡು ಬೈದೆ.

ಮೊದಲ ಹಾಡುಗಳು ಚೆನ್ನಾಗಿಯೇ ಹೋದವು. ನಾನು ಏನು ಬಾರಿಸಿದೆನೋ ನನಗೆ ನೆನಪಿಲ್ಲ. ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದೆ. ಕೊನೆಯ ಹಾಡು ಬಂತು. ಕಹಳೆಗಳು ಏರಿದವು, ಏರಿದವು, ನಿಂತವು. ಮಾರ್ಟಿಯ ಬಿಳಿ ಕೈಗವಸುಗಳು ಮೇಲೆ ಹೋದವು.

ಜನ ಎದ್ದು ನಿಂತರು. ಒಂದು ಕಡೆಯಿಂದ ಶುರುವಾದ ಕೂಗು ಕ್ರೀಡಾಂಗಣ ಪೂರ್ತಿ ಸುತ್ತಿತು. ಮಾರ್ಟಿ ಒಳ್ಳೆಯವನೇ, ಆದರೆ ಚಪ್ಪಾಳೆ ಕಂಡರೆ ಕರಗಿಹೋಗುತ್ತಾನೆ. ಅಭ್ಯಾಸದಲ್ಲಿ ಇಳಿಸುತ್ತಿದ್ದ ಹೊತ್ತಿಗೆ ಕೈ ಇಳಿಸಲಿಲ್ಲ. ಕೂಗು ಅಡಗಿ ಮೌನವಾಗಲಿ ಎಂದು ಹಾಗೇ ಹಿಡಿದು ನಿಂತ. ಇಳಿಸೋ ಪಾಪಿ, ಇಳಿಸೋ ಎಂದು ಒಳಗೊಳಗೇ ಅರಚಿದೆ. ಕೂಗು ಅಡಗಿತು. ಇಡೀ ಮೈದಾನ ಉಸಿರು ಹಿಡಿದಿತ್ತು.

ಟಕ್.

ಒಂದೇ ಒಂದು ಡ್ರಮ್ಮು. ಥ್ಯಾಡ್‌ನದು. ಮಾರ್ಟಿಯ ಕೈ ಇನ್ನೂ ಮೇಲೆಯೇ ಇತ್ತು.

ಅದು ಡೆನ್ನಿಗೆ ಕಾಣುತ್ತಿತ್ತು. ಹದ್ದಿನ ಕಣ್ಣು ಅವನದು, ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾನೆ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕೈ ಇಳಿಯುವ ತನಕ ಕಾಯುವುದೇ ನ್ಯಾಯ. ಥ್ಯಾಡ್ ಅಷ್ಟು ಸಾವಿರ ಜನರ ಎದುರು ಬೆತ್ತಲಾಗುತ್ತಿದ್ದ, ಮಾರನೇ ದಿನ ಆ ಜಾಗ ಡೆನ್ನಿಯದೇ.

ಎರಡನೇ ಏಟಿಗೆ ಎರಡು ಡ್ರಮ್ಮು ಕೇಳಿದವು, ಥ್ಯಾಡ್‌ನದು, ಡೆನ್ನಿಯದು. ಮೂರನೆಯದಕ್ಕೆ ಐದೂ. ನನ್ನ ಕೈ ನನ್ನನ್ನು ಕೇಳದೆ ತಾಳ ಬಡಿಯಿತು. ಕಹಳೆಯವರೂ ಮಾರ್ಟಿಯ ಕೈ ಕಾಯಲಿಲ್ಲ, ಡ್ರಮ್ಮಿನ ಹಿಂದೆಯೇ ಬಾವಿಗೆ ಬಿದ್ದರು, ಒಬ್ಬರೂ ಉಳಿಯದೆ. ಬೋಡ್ನರ್ ಮೇಷ್ಟ್ರು ಸತ್ತು ಎಷ್ಟು ವರ್ಷವಾಯಿತು, ಆದರೂ ಆ ಮುದುಕನ ಮಾತು ಅರವತ್ತು ಮೈಗಳಲ್ಲಿ ಹಾಗೇ ಇತ್ತು. ಮಾರ್ಟಿ ತಬ್ಬಿಬ್ಬಾಗಿ, ಇದೆಲ್ಲ ತನ್ನದೇ ಯೋಜನೆ ಎನ್ನುವ ಹಾಗೆ ಕೈ ಇಳಿಸಿದ. ಜನ ಹುಚ್ಚೆದ್ದು ಕೂಗಿದರು. ನಾವು ಒಂದೇ ಸಾಲಾಗಿ ನಡೆದು ಬಂದೆವು.

ಆಸನಗಳ ಹಿಂದಿನ ಅಂಗಳದಲ್ಲಿ ಮಾರ್ಟಿ ಟೋಪಿ ಕಿತ್ತೆಸೆದ. ಮುಖ ಕೆಂಪಗಾಗಿತ್ತು.

"ಯಾರದು ಅದು? ಮೊದಲು ಹೊಡೆದೋರು ಯಾರು?"

"ನಾನು" ಎಂದ ಡೆನ್ನಿ. "ಲೈಟು ಕಣ್ಣಿಗೆ ಹೊಡೀತಿತ್ತಪ್ಪ. ಕೈ ಇಳೀತು ಅಂದ್ಕೊಂಡೆ."

ಮಾರ್ಟಿ ಅವನನ್ನೇ ದುರುಗುಟ್ಟಿ ನೋಡಿದ. ಅಷ್ಟರಲ್ಲಿ ಥ್ಯಾಡ್ ಮುಂದೆ ಬಂದ.

"ಸುಳ್ಳು ಅವನು ಹೇಳೋದು. ನಾನು ಹೊಡೆದದ್ದು. ನನಗೆ ಕೈ ಕಾಣಲ್ಲ ಮಾರ್ಟಿ. ಮಾರ್ಚ್‌ನಿಂದ ಕಾಣ್ತಿಲ್ಲ. ಎದುರಿಗಿರೋದು ಯಾವುದೂ ಕಾಣಲ್ಲ."

ಮಾರ್ಟಿ ನನ್ನ ಕಡೆ ತಿರುಗಿದ. "ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಬೈಯೋದಿದ್ರೆ ಬೈಯಿ, ನನಗೂ ಯಾರಿಗಾದ್ರೂ ಬೈಬೇಕು ಅನ್ನಿಸ್ತಿದೆ."

ಅವನು ಬೈಯಲಿಲ್ಲ. ಟೋಪಿ ಎತ್ತಿಕೊಂಡು ಧೂಳು ಒರೆಸಿದ. ತುಂಬ ಹೊತ್ತು ಒರೆಸಿದ. "ಮುಂದಿನ ವರ್ಷ ಕುರ್ಚಿ, ಥ್ಯಾಡ್" ಎಂದ. "ನಿಯಮ ಮಾಡಿದ್ದು ನಾನು. ನಿನಗೊಂದು, ಬೇರೆಯವರಿಗೊಂದು ಮಾಡೋಕಾಗಲ್ಲ."

"ಗೊತ್ತು ಕಣೋ. ಮುಂದಿನ ವರ್ಷದ್ದು ಮುಂದಿನ ವರ್ಷ. ಅಂಕ ಹೇಳುವಾಗ ಎಲ್ಲ ತಂಡಗಳ ಜೊತೆ ಇನ್ನೊಂದು ಸಲ ಒಳಗೆ ಹೋಗಬೇಕಲ್ಲ, ಅಷ್ಟಕ್ಕೆ ನಡೀತೀನಿ." ಆಮೇಲೆ ಡೆನ್ನಿಯ ಕಡೆಗೆ, ಅಂದರೆ ಡೆನ್ನಿಯ ಭುಜದಾಚೆಗೆ ನೋಡುತ್ತ ಹೇಳಿದ. "ನೀನು ನಡುವೆ ಬಾ. ನಾನು ಎಡ ತುದಿಗೆ ಹೋಗ್ತೀನಿ."

"ಬೇಡ" ಎಂದ ಡೆನ್ನಿ. ಇಷ್ಟು ವರ್ಷ ಬಾಯಿ ಬಿಟ್ಟು ಕೇಳುತ್ತಿದ್ದ ಜಾಗ ಎದುರಿಗೆ ಬಂದಾಗ ಮುದುಕ ಡ್ರಮ್ಮಿನ ಕೋಲುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನೀನಿನ್ನೂ ಸತ್ತಿಲ್ವಲ್ಲೋ."

"ನೀನು ಸುಳ್ಳು ಹೇಳಿದ ಚೆಂದ ನೋಡಿ ಸಾಯೋಕೆ ಮನಸ್ಸು ಬರ್ತಿಲ್ಲ. ನಡಿ, ಮುಚ್ಕೊಂಡು ನಿಂತ್ಕೋ."

ಹೀಗೆ ಥ್ಯಾಡ್ ಮಲಿನೋಸ್ಕಿ ಸಾಲಿನ ನಡುವನ್ನು ಬಿಟ್ಟು ನನ್ನ ಬಲ ಮಗ್ಗುಲಿಗೆ ಬಂದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಡ್ರಮ್ಮಿನ ಬರೀ ಅಂಚಿನ ಮೇಲೆ ಟಿಕ್ ಟಿಕ್ ಎಂದು ಬಾರಿಸುತ್ತ ಒಳಗೆ ನಡೆದೆವು. ಚಿಕ್ಕವರ ತಂಡಗಳು ಅಕ್ಕಪಕ್ಕ ನಿಂತು ದಾರಿ ಬಿಟ್ಟವು. ನಮ್ಮ ಜಾಗ ಬಂತು, ನಿಂತೆವು. ಕತ್ತು ನೇರ, ಕಣ್ಣು ನೇರ.

"ಡೆನ್ನಿ" ಎಂದ ಥ್ಯಾಡ್ ತುಟಿ ಅಲುಗಿಸದೆ. "ಅರ್ಧ ಹೆಜ್ಜೆ ಮುಂದಿದ್ದೀಯ ಕತ್ತೆ. ಹಿಂದೆ ಬಾ."

"ನಿನಗೇನೋ ಕಾಣುತ್ತೆ, ಕುರುಡ?"

"ಈ ತುದೀಲಿ ನಿಂತ್ರೆ ನೀನು ಪೂರ್ತಿ ಕಾಣ್ತೀಯ. ಹೊಟ್ಟೆನೂ ಸೇರಿ."

ಡೆನ್ನಿ ಅರ್ಧ ಹೆಜ್ಜೆ ಹಿಂದೆ ಸರಿದ. ಸಾಲು ದಾರ ಎಳೆದ ಹಾಗೆ ನೇರವಾಯಿತು. ನನಗೆ ತಡೆಯಲಾಗಲಿಲ್ಲ. ಎರಡು ಕೈಯಲ್ಲೂ ತಾಳ, ಒರೆಸಿಕೊಳ್ಳುವಂತಿಲ್ಲ, ತಲೆ ತಗ್ಗಿಸುವಂತಿಲ್ಲ. ಎದುರಿಗೆ ಸಾವಿರಾರು ಜನ ನೋಡುತ್ತಿದ್ದರು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಕಣ್ಣೀರು ಸುರಿಯಲು ಬಿಟ್ಟೆ.

"ಬರ್ನಿ" ಎಂದ ಅವನು ಮೆಲ್ಲಗೆ. "ಅಳಬೇಡ ಕಣೇ. ಕಾಣ್ತಿದೆ ನಂಗೆ."